ಆಂಟಿ ಹೇಳಿದ್ದು, ನಾನು ಹೇಳಿದ್ದು

—ಅಥವಾ ಅವರು ಹಾಗೆ ಹೇಳಲೇ ಇಲ್ಲವೇನೋ, ನಾನೇ ಆಮೇಲೆ ಆ ಮಾತನ್ನು ಅವರ ಬಾಯಲ್ಲಿ ಇಟ್ಟೆನೇನೋ ಎಂದು ಎಷ್ಟೋ ಸಲ ಅನ್ನಿಸಿದೆ. ಹಾಗೆ ಅನ್ನಿಸಲಿ ಎಂದು ಆಸೆಪಟ್ಟಿದ್ದೇನೆ ಎಂದರೆ ಹೆಚ್ಚು ನಿಜ. ಆದರೆ ಹೇಳಿದ್ದರು. ಸುಂಕದಕಟ್ಟೆಯ ಒಂದು ಸಣ್ಣ ಕೋಣೆಯಲ್ಲಿ, ಚಾಪೆಯ ಮೇಲೆ ಒತ್ತಾಗಿ ಕೂತ ಹೆಂಗಸರ ಎದುರು, ಅವರು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರು. ನಾನು ಅದನ್ನು ಕನ್ನಡದಲ್ಲಿ ತಲೆಕೆಳಗು ಮಾಡಿ ಹೇಳಿದೆ. ತಪ್ಪು ಕೇಳಿಸಿಕೊಂಡು ಅಲ್ಲ. ಭಾಷೆ ಬಾರದೆಯೂ ಅಲ್ಲ — ಇಂಗ್ಲಿಷ್ ಪಾಠ ಹೇಳಿಯೇ ಜೀವನ ಮಾಡಿದವಳು ನಾನು. ಗೊತ್ತಿದ್ದೇ ಹೇಳಿದೆ.

ಅವರು ಹೇಳಿದ್ದು: ನಾನು ಸತ್ತ ಮೇಲೆ ನನ್ನ ಹೆಸರು ಹೇಳಬೇಡಿ, ನನ್ನ ಮುಖ ಯಾರಿಗೂ ತೋರಿಸಬೇಡಿ.

ನಾನು ಹೇಳಿದ್ದು: ನನ್ನ ಹೆಸರು ಮರೀಬೇಡಿ, ನನ್ನ ಫೋಟೋ ಇಟ್ಕೊಳ್ಳಿ ಅಂತಿದಾರೆ.

ಇಷ್ಟೇ. ಇದಕ್ಕಿಂತ ದೊಡ್ಡ ತಪ್ಪುಗಳನ್ನು ಮಾಡಿ ಜನ ನೆಮ್ಮದಿಯಾಗಿದ್ದಾರೆ ಎಂದು ಮನಸ್ಸು ಹೇಳುತ್ತದೆ. ಮನಸ್ಸು ಹೇಳುವುದನ್ನೆಲ್ಲ ನಂಬುವುದನ್ನು ನಾನು ಬಿಟ್ಟಿದ್ದೇನೆ. ಯಾಕೆ ಎಂಬುದು ಮುಂದೆ ಬರುತ್ತದೆ.

ಅವರ ಹೆಸರು ಈ ಬರಹದಲ್ಲಿ ಬರುವುದಿಲ್ಲ. ಆಂಟಿ ಎನ್ನುತ್ತೇನೆ. ಅವರೇ ಹಾಗೆ ಕರೆಯಲು ಹೇಳಿದ್ದರು. ಅವರು ಆಸ್ಟ್ರೇಲಿಯಾದವರು — ನಾವು ಕ್ರಿಕೆಟ್ಟಿನಲ್ಲಿ ನೋಡುವ ಆಸ್ಟ್ರೇಲಿಯಾದವರಲ್ಲ. ಬಿಳಿಯರ ಹಡಗುಗಳು ಬಂದು ನಿಲ್ಲುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲಿನಿಂದ ಆ ನೆಲದಲ್ಲಿ ಇದ್ದವರ ಪೈಕಿ. ಆ ಜನರಲ್ಲಿ 'ಆಂಟಿ' ಎಂದರೆ ಹಿರಿಯಳು, ನಾಲ್ಕು ಜನ ಮಾತು ಕೇಳುವಂಥವಳು. ವಯಸ್ಸಾದ ಮಾತ್ರಕ್ಕೆ ಸಿಗುವ ಹೆಸರಲ್ಲ ಅದು. ನಮ್ಮ ಬೆಂಗಳೂರಿನಲ್ಲಿ ಆ ಪದ ಏನಾಗಿದೆ ಎಂದು ನಾನು ಅವರಿಗೆ ಹೇಳಲಿಲ್ಲ. ಮಾರೇನಹಳ್ಳಿಯಲ್ಲಿ ಎಳನೀರಿನವನು 'ಬನ್ನಿ ಆಂಟಿ, ಗಂಜಿ ಬೇಕಾ ಆಂಟಿ' ಎಂದು ಕರೆದಾಗ ಅವರು ನಡೆಯುತ್ತಿದ್ದವರು ನಿಂತುಬಿಟ್ಟರು. ಇವನಿಗೆ ಹೇಗೆ ಗೊತ್ತಾಯಿತು ಎಂದು ನನ್ನನ್ನು ಕೇಳಿದರು. ನಮ್ಮಲ್ಲಿ ಹಿರಿಯರನ್ನು ಎಲ್ಲರೂ ಗುರುತಿಸುತ್ತಾರೆ ಎಂದೆ. ಅವರಿಗೆ ಸಂತೋಷವಾಯಿತು. ಅದೂ ಒಂದು ಸುಳ್ಳು ಅನುವಾದವೇ. ಸಣ್ಣದು. ನಾಲಿಗೆ ಅದರಲ್ಲಿ ಪಳಗಿತು ಎಂದು ಈಗ ಅನ್ನಿಸುತ್ತದೆ.

ನಾಗರಬಾವಿಯ ಕ್ಯಾಂಪಸ್ಸಿನಲ್ಲಿ ಒಂದು ವಿಚಾರಸಂಕಿರಣಕ್ಕೆ ಅವರು ಬಂದಿದ್ದರು. ಗೆಸ್ಟ್ ಹೌಸಿನಲ್ಲಿ ಮಲಗಲು ಒಪ್ಪಲಿಲ್ಲ. ಉದ್ದನೆಯ ಪಡಸಾಲೆ, ಎರಡೂ ಕಡೆ ಒಂದೇ ಥರದ ಬಾಗಿಲು — ಅಂಥ ಕಟ್ಟಡದಲ್ಲಿ ತಮಗೆ ನಿದ್ದೆ ಬರುವುದಿಲ್ಲ ಎಂದರಂತೆ. ಹಾಗಾಗಿ ಬಸವೇಶ್ವರನಗರದ ನಮ್ಮ ಮನೆಗೆ ಬಂದರು. ಬಂದು ಇಳಿದ ಸಂಜೆಯೋ ಮಾರನೆಯ ದಿನವೋ, ಹಾಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಗಮನಿಸಿದೆ: ಸೋಫಾದಲ್ಲಿ ಜಾಗವಿದ್ದರೂ ಬೆತ್ತದ ಮೋಡಾ ಎಳೆದುಕೊಂಡು, ಗೋಡೆಗೆ ಬೆನ್ನು ಮಾಡಿ ಕೂತಿದ್ದರು. ಆ ಗೋಡೆಯ ಮೇಲೆ ನನ್ನ ಮಾವನವರ ಫೋಟೋ ಇತ್ತು. ಗಂಧದ ಹಾರ, ಕೆಳಗೆ ಮಿಣುಕುವ ಸಣ್ಣ ಕೆಂಪು ಬಲ್ಬು. ಇದನ್ನು ಆಗಲೇ ಗಮನಿಸಿದ್ದೋ, ಆಮೇಲೆ ಸೇರಿಸಿಕೊಂಡದ್ದೋ ಖಚಿತವಿಲ್ಲ. ಆದರೆ ಯಾಕೆ ಹಾಗೆ ಕೂತಿರಿ ಎಂದು ಕೇಳಿದ್ದು ಖಚಿತ. ಯಾಕೆಂದರೆ ಅವರ ಉತ್ತರ ನೆನಪಿದೆ, ಮತ್ತು ಆ ಉತ್ತರ ಇಲ್ಲದಿದ್ದರೆ ನಾನು ಇವತ್ತು ನಿರಪರಾಧಿ.

ನಮ್ಮ ಜನರಲ್ಲಿ, ಎಂದರು — ನಮ್ಮ ಜನ ಎಂದರೆ ನನ್ನ ಕುಲದವರು. ಅಲ್ಲಿ ನೂರಾರು ಕುಲ, ನೂರಾರು ಭಾಷೆ, ಹೊರಗಿನವರ ಕಣ್ಣಿಗೆ ಮಾತ್ರ ನಾವೆಲ್ಲ ಒಂದೇ — ಸತ್ತವರ ಹೆಸರನ್ನು ಕೆಳಗಿಟ್ಟುಬಿಡುತ್ತೇವೆ. ಅದೇ ಹೆಸರಿನವರು ಬೇರೆ ಯಾರಾದರೂ ಇದ್ದರೆ ಅವರನ್ನೂ ಬೇರೆ ಹೆಸರಿನಿಂದ ಕರೆಯುತ್ತೇವೆ. ಚಿತ್ರಗಳನ್ನು ಒಳಗಿಡುತ್ತೇವೆ. ಸಾಕು, ಇನ್ನು ಹೇಳಬಹುದು ಎಂದು ಮನೆಯವರು ಹೇಳುವ ತನಕ. ಅದು ಎಷ್ಟು ಕಾಲವಾದರೂ ಆಗಬಹುದು. ಹೋಗುತ್ತಿರುವವರ ಹೆಸರು ಕೂಗುವುದೆಂದರೆ ಅವರ ಸೆರಗು ಹಿಡಿದು ಎಳೆದ ಹಾಗೆ. — ಸೆರಗು ಎಂಬುದು ನನ್ನ ಪದವೇ ಇರಬೇಕು. ಅವರು ಪ್ಯಾಂಟು, ಅಂಗಿ ತೊಡುತ್ತಿದ್ದರು. ಆದರೆ ಎಳೆಯುವುದು ಎಂಬುದು ಅವರದೇ.

ಫೋಟೋ ತೆಗೆಸಲಾ ಎಂದು ಕೇಳಿದೆ. ಬೇಡ, ಇದು ನಿಮ್ಮ ಮನೆ, ನಿಮ್ಮ ಕ್ರಮ, ಬೆನ್ನು ತಿರುಗಿಸಿ ಕೂರುವುದು ನನಗೇನೂ ಕಷ್ಟವಲ್ಲ ಎಂದು ನಕ್ಕರು.

ಆಮೇಲೆ ತಮ್ಮ ತಾಯಿಯ ಕತೆ ಹೇಳಿದರು. ತಾಯಿ ಪುಟ್ಟ ಹುಡುಗಿಯಾಗಿದ್ದಾಗ ಸರ್ಕಾರದವರು ಕಾರಿನಲ್ಲಿ ಬಂದು ಹೊಳೆಯ ದಂಡೆಯಿಂದ ಎತ್ತಿಕೊಂಡು ಹೋದರಂತೆ. ಆ ಕಾಲದಲ್ಲಿ ಹಾಗೆ ಎಷ್ಟೋ ಮಕ್ಕಳನ್ನು ಒಯ್ದರು. ಬಿಳಿಯರ ಹಾಗೆ ಬೆಳೆಸುತ್ತೇವೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಮಿಷನ್ನಿನ ಉದ್ದನೆಯ ಕಟ್ಟಡದಲ್ಲಿ ಸಾಲು ಮಂಚ. ಇಂಗ್ಲಿಷ್ ಹೆಸರು. ತನ್ನ ಭಾಷೆಯಲ್ಲಿ ಮಾತಾಡಿದರೆ ಬಾಯಿಗೆ ಸೋಪು. ಬಿಳಿ ಏಪ್ರನ್ ಕಟ್ಟಿ, ಕೈಗೆ ಪಾತ್ರೆ ಕೊಟ್ಟು ಒಂದು ಫೋಟೋ ತೆಗೆದರು. ಆ ಫೋಟೋ ಒಂದು ಮ್ಯೂಸಿಯಂ ಸೇರಿತು. ಕೆಳಗೆ ಹೆಸರಿಲ್ಲ: 'ಅಡುಗೆ ಕಲಿಯುತ್ತಿರುವ ಹುಡುಗಿ'. ತಾಯಿ ತೀರಿಕೊಂಡ ಮೇಲೂ ಅದು ಗೋಡೆಯ ಮೇಲೇ ಇತ್ತು. ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡುತ್ತಿದ್ದರು. ಆಂಟಿ ಹೋಗಿ ಕೇಳಿಕೊಂಡರು — ಒಳಗಿಡಿ, ದಯವಿಟ್ಟು. ಮ್ಯೂಸಿಯಂನವರು ಒಳ್ಳೆಯ ಜನ. ಕೂರಿಸಿ ಟೀ ಕೊಟ್ಟರು. ಈಗ ಹೆಸರನ್ನೂ ಪತ್ತೆ ಮಾಡಿದ್ದೇವೆ, ದೊಡ್ಡದಾಗಿ ಬರೆದು ಹಾಕುತ್ತೇವೆ, ಇದು ನಿಮ್ಮ ತಾಯಿಗೆ ಗೌರವ ಎಂದರು. ಅದನ್ನು ಇಳಿಸಲು ಆಂಟಿಗೆ ವರ್ಷಗಳು ಹಿಡಿದವು.

'ಕಿತ್ತುಕೊಂಡವರ ಜೊತೆ ಜಗಳ ಆಡಬಹುದು,' ಎಂದರು. 'ಗೌರವ ಕೊಡುತ್ತೇವೆ ಅಂತ ಬಂದವರ ಜೊತೆ ಹೇಗೆ ಆಡುವುದು?'

ಇದೆಲ್ಲ ನನಗೆ ಗೊತ್ತಿತ್ತು. ಸುಂಕದಕಟ್ಟೆಗೆ ಹೋಗುವ ಮೊದಲೇ ಗೊತ್ತಿತ್ತು.

ಕಾಡಿನಲ್ಲಿ ಬದುಕಿದ ಇಲ್ಲಿಯ ಜನರನ್ನು ನೋಡಬೇಕು ಎಂಬುದು ಅವರ ಆಸೆ. ಸಂಕಿರಣದವರು ಬೆಟ್ಟ, ಅರಣ್ಯ ಇಲಾಖೆಯ ಅನುಮತಿ, ಜೀಪು ಎಂದೆಲ್ಲ ಮಾತಾಡುತ್ತಿದ್ದರು. ನಾನು, ಅಷ್ಟು ದೂರ ಯಾಕೆ, ನಮ್ಮ ಮಾಗಡಿ ರಸ್ತೆಯಲ್ಲೇ ಇದ್ದಾರಲ್ಲ ಎಂದೆ. ಸುಂಕದಕಟ್ಟೆಯ ಹಿಂಭಾಗದ ಒಂದು ಓಣಿಯಲ್ಲಿ ಕೆಲವು ಇರುಳಿಗರ ಮನೆಗಳಿವೆ. ಮಾಗಡಿಯ ಕಡೆಯ ಬೆಟ್ಟಗಳಲ್ಲಿ ಜೇನು ಇಳಿಸಿ, ಗೆಣಸು ಅಗೆದು ಬದುಕಿದವರ ಮಕ್ಕಳು, ಮೊಮ್ಮಕ್ಕಳು. ಈಗ ಗಾರ್ಮೆಂಟ್ಸಿಗೆ, ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗಿಗೆ ಹೋಗುತ್ತಾರೆ. ಅಲ್ಲಿಯ ಹೆಂಗಸರು ಒಂದು ಸಂಘ ಮಾಡಿಕೊಂಡು, ಒಂದು ಕೋಣೆ ಹಿಡಿದಿದ್ದರು. ಭಾನುವಾರ ಆ ಕೋಣೆಯಲ್ಲಿ ಅವರ ಮಕ್ಕಳಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಸಂಘದ ಹಿರಿಯಳು ಸಿದ್ದಮ್ಮ. ನನ್ನದೇ ವಯಸ್ಸು, ಅಥವಾ ಒಂದೆರಡು ವರ್ಷ ಹಿಂದೆ ಮುಂದೆ.

ಆ ಮಧ್ಯಾಹ್ನ ಚೆನ್ನಾಗಿತ್ತು. ಇಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ನಾನು 'ಆಂಟಿ' ಎಂದು ಪರಿಚಯಿಸಿದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಿದ್ದಮ್ಮ, 'ಅಯ್ಯೋ, ಅಲ್ಲೂ ಅಂಗೇ ಕರೀತಾರಾ, ನಾನು ಈ ಕಾಟ ಬರೀ ನಮಗೇ ಅಂದ್ಕಂಡಿದ್ದೆ' ಎಂದಳು. ನಾನು ಅದನ್ನು ಅನುವಾದಿಸಲಿಲ್ಲ. ಸಿದ್ದಮ್ಮನ ಅತ್ತೆ ಒಬ್ಬರಿದ್ದರು, ಬೆನ್ನು ಬಾಗಿದ ಮುದುಕಿ. ಆಂಟಿ ಅವರ ಎದುರು ಕೂತು, ಕೈಯಲ್ಲಿ ಕೋಲು ಹಿಡಿದ ಹಾಗೆ ನೆಲ ಅಗೆದು ತೋರಿಸಿದರು. ಮುದುಕಿ ತಲೆಯಾಡಿಸಿ, ಹಾಗಲ್ಲ ಎಂಬಂತೆ, ತನ್ನ ಕಡೆ ಹೇಗೆ ಓರೆಯಾಗಿ ಅಗೆಯುತ್ತಾರೆ ಎಂದು ತೋರಿಸಿತು. ಬಳ್ಳಿ ಹೇಗೆ ಹಿಡಿಯುತ್ತೀರಿ? ಹೀಗೆ. ಗೆಣಸು ಮುರಿಯದ ಹಾಗೆ? ಹೀಗೆ. ತುದಿ ಮಾತ್ರ ಮಣ್ಣಲ್ಲೇ ಬಿಡಬೇಕು, ಮತ್ತೆ ಬರಲು? ಹೌದು, ಹೌದು, ಬಿಡಬೇಕು. ಇಬ್ಬರೂ ಒಂದೂ ಮಾತಿಲ್ಲದೆ ಇಷ್ಟನ್ನೂ ಆಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ನಾನು ಮಧ್ಯೆ ಸುಮ್ಮನೆ ಕೂತಿದ್ದೆ — ನನ್ನಿಂದ ಯಾರಿಗೂ ಏನೂ ಬೇಕಿರಲಿಲ್ಲ. ಅದು ನನಗೆ ಸ್ವಲ್ಪ ಚುಚ್ಚಿತೇ? ಈ ಪ್ರಶ್ನೆಯನ್ನು ಬರೆದು, ಹೊಡೆದು, ಮತ್ತೆ ಬರೆದಿದ್ದೇನೆ.

ಆಮೇಲೆ ಸಿದ್ದಮ್ಮ ನನ್ನ ಕಡೆ ತಿರುಗಿ, ಅವರನ್ನೂ ಕಾಡಿನಿಂದ ಎಬ್ಬಿಸಿದರಾ ಕೇಳಿ ಎಂದಳು. ಕೇಳಿದೆ.

'ಎಬ್ಬಿಸಲಿಲ್ಲ,' ಎಂದರು ಆಂಟಿ. 'ಈ ನೆಲದಲ್ಲಿ ಯಾರೂ ಇಲ್ಲವೇ ಇಲ್ಲ ಅಂತ ಬರೆದುಕೊಂಡರು.'

ಇದನ್ನು ನಾನು ಸರಿಯಾಗಿ, ಒಂದು ಪದವೂ ಬೀಳದ ಹಾಗೆ ಕನ್ನಡಕ್ಕೆ ತಂದೆ. ಸಿದ್ದಮ್ಮ ಸ್ವಲ್ಪ ಯೋಚಿಸಿ, 'ನಮ್ಮುನ್ನ ಇದೀರಾ ಅಂತ ಒಪ್ಕಂಡೇ ಓಡುಸಿದ್ರು. ಅಷ್ಟುರ ಮಟ್ಟಿಗೆ ವಾಸಿ' ಎಂದಳು. ಎಲ್ಲರೂ ನಕ್ಕರು. ಅನುವಾದಿಸಿದೆ, ಆಂಟಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನನ್ನ ಮೂಲಕ ಒಂದು ನಗು ಎರಡು ದೇಶಗಳ ಮಧ್ಯೆ ಓಡಾಡಿತು. ನಾನು ಬಹಳ ಹೆಮ್ಮೆಯಲ್ಲಿದ್ದೆ.

ಹೊರಡುವಾಗ ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡರು. ಆಂಟಿ ಒಪ್ಪಿದರು. ತೆಗೆದಾದ ಮೇಲೆ, ಕೈ ಎತ್ತಿ, ಒಂದು ಮಾತು ಹೇಳಬೇಕು ಎಂದರು. ಹೆಂಗಸರು ಮತ್ತೆ ಕೂತರು. ಆಗ ಆ ಮಾತು.

ಇಲ್ಲಿ ನನ್ನ ನೆನಪು ಒಂದು ಚಿತ್ರ ಕೊಡುತ್ತದೆ. ಬಾಗಿಲ ಹತ್ತಿರ ಲಕ್ಷ್ಮಿ ಎಂಬ ಹುಡುಗಿ ಗೋಡೆಗೆ ಒರಗಿ ಕೂತಿದ್ದಾಳೆ. ತುಂಬಿದ ಬಸುರಿ. ಆಂಟಿ 'ನಾನು ಸತ್ತ ಮೇಲೆ' ಎಂದು ಶುರು ಮಾಡುತ್ತಿದ್ದ ಹಾಗೆ ನನ್ನ ಕಣ್ಣು ಆ ಹುಡುಗಿಯ ಹೊಟ್ಟೆಯ ಕಡೆ ಹೋಗುತ್ತದೆ. ಬಸುರಿಯ ಎದುರು ಸಾವಿನ ಮಾತೇ? ನಮ್ಮ ಮನೆಗಳಲ್ಲಿ ಯಾರಾದರೂ ಅಂಥ ಮಾತೆತ್ತಿದರೆ ಹಿರಿಯರು 'ಬಿಡ್ತು ಅನ್ನು' ಎಂದು ಗದರುತ್ತಾರೆ. ಹೇಳಿದವರು 'ಬಿಡ್ತು' ಎಂದರೆ ಆ ಮಾತು ಅಲ್ಲಿಗೇ ಬಿಟ್ಟುಹೋಯಿತು ಎಂದು ಲೆಕ್ಕ. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ನನ್ನ ಬಾಯಿಂದ, ಕನ್ನಡದ ಒಂದಕ್ಷರವೂ ಬಾರದ ಆ ಹೆಂಗಸಿಗೆ, ಮೆಲ್ಲಗೆ 'ಬಿಡ್ತು ಅನ್ನಿ' ಎಂದು ಬಂತು. ಆಂಟಿ ನನ್ನ ಮುಖ ನೋಡಿದರು. ನಾನು ಅನುವಾದ ಶುರು ಮಾಡಿದೆನೆಂದುಕೊಂಡರೋ ಏನೋ, ಮಾತು ಮುಗಿಸಿ ಕಾದರು. ಕೋಣೆಯೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು.

ಸುಮ್ಮನಿರಬಹುದಿತ್ತು. ಅರ್ಧ ಹೇಳಬಹುದಿತ್ತು. ಬಿಟ್ಟ ಜಾಗವನ್ನು ಖಾಲಿ ಬಿಡುವುದು ಕೂಡ ಒಂದು ಬಗೆಯ ಪ್ರಾಮಾಣಿಕತೆಯೇ. ಆದರೆ ಸಭೆ ಅಷ್ಟು ಚೆನ್ನಾಗಿ ನಡೆದಿತ್ತು, ಅದಕ್ಕೊಂದು ಒಳ್ಳೆಯ ಕೊನೆ ಬೇಕಿತ್ತು — ನನಗೆ ಬೇಕಿತ್ತು. 'ನನ್ನ ಹೆಸರು ಮರೀಬೇಡಿ, ನನ್ನ ಫೋಟೋ ಇಟ್ಕೊಳ್ಳಿ ಅಂತಿದಾರೆ' ಎಂದೆ.

ಹೆಂಗಸರು ಚಪ್ಪಾಳೆ ತಟ್ಟಿದರು. ಮರೆಯಲ್ಲ, ಮರೆಯಲ್ಲ ಎಂದರು. ಮುದುಕಿ ಎದ್ದು ಬಂದು ಆಂಟಿಯ ಕೆನ್ನೆ ಮುಟ್ಟಿ ನೆಟಿಗೆ ಮುರಿಯಿತು. ಆಂಟಿ ಎದೆಯ ಮೇಲೆ ಕೈಯಿಟ್ಟುಕೊಂಡು ತಲೆಬಾಗಿದರು. ಅವರು ತಮಗೆ ಮಾತು ಸಿಕ್ಕಿತೆಂದು ತಿಳಿದರು. ಇವರು ತಾವು ಮಾತು ಕೊಟ್ಟೆವೆಂದು ತಿಳಿದರು. ಎರಡೂ ಒಂದೇ ಕ್ಷಣದಲ್ಲಿ, ಒಂದೇ ಚಪ್ಪಾಳೆಯಲ್ಲಿ. ಅವೆರಡು ಒಂದಕ್ಕೊಂದು ವಿರುದ್ಧ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ವಾಪಸು ಬರುವಾಗ ಆಟೋದಲ್ಲಿ ಆಂಟಿ ಹೇಳಿದರು: ಆ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಕೇಳಿದ್ದನ್ನು ಈ ಹೆಂಗಸರು ಯಾಕೆ ಎಂದೂ ಕೇಳದೆ ಒಪ್ಪಿಬಿಟ್ಟರು ನೋಡು. ಕಾಮಾಕ್ಷಿಪಾಳ್ಯದ ಟ್ರಾಫಿಕ್ಕಿನಲ್ಲಿ ಆಟೋ ನಿಂತಿತ್ತು. ಹೇಳಲು ಬೇಕಾದಷ್ಟು ಹೊತ್ತಿತ್ತು. ನಾನು ಹೌದು ಎಂದೆ. ಅನುವಾದದ ತಪ್ಪು ಅಲ್ಲಿಗೆ ಮುಗಿಯಿತು. ಇದು ಬರಿಯ ಸುಳ್ಳು.

ಅವರು ಊರಿಗೆ ಹೋದರು. ಕೆಲವು ವರ್ಷ ಹಬ್ಬಕ್ಕೆ, ಹೊಸ ವರ್ಷಕ್ಕೆ ಮೆಸೇಜು ಬರುತ್ತಿತ್ತು. ಆಮೇಲೆ ಒಂದು ದಿನ ಅವರ ಸೋದರ ಸೊಸೆಯಿಂದ ಬಂತು. ಅದರಲ್ಲಿ ಹೆಸರಿರಲಿಲ್ಲ. 'ನಮ್ಮ ಆಂಟಿ ಇನ್ನಿಲ್ಲ' ಎಂದಷ್ಟೇ ಇತ್ತು. ಹೆಸರಿಲ್ಲದ್ದು ಯಾಕೆಂದು ನನಗೆ ಅರ್ಥವಾಯಿತು. ಸಿದ್ದಮ್ಮನಿಗೆ ಫೋನು ಮಾಡಿದೆ. ಅವಳು ಅತ್ತಳು. ಆಮೇಲೆ, ನೆನಪಿಟ್ಟುಕೊಳ್ಳಿ ಎಂದಿದ್ದರಲ್ಲ, ನಾವು ಏನಾದರೂ ಮಾಡಬೇಕು ಎಂದಳು. ಇದು ನನಗೆ ಸಿಕ್ಕ ಎರಡನೆಯ ಅವಕಾಶ. ಹೇಳಿದರೆ ನನ್ನ ಬಗ್ಗೆ ಅವಳು ಏನೆಂದುಕೊಳ್ಳುತ್ತಾಳೋ ಎಂಬುದೊಂದೇ ತಲೆಯಲ್ಲಿತ್ತು. ಆಗಲಿ ಸಿದ್ದಮ್ಮ, ಮಾಡಿ ಎಂದೆ.

ಮುಂದಿನ ಭಾನುವಾರ ಬಸ್ಸಿಳಿದಾಗ ತಲೆಯೆತ್ತಿ ನೋಡಿದೆ. ಯಾವನೋ ಮುಖಂಡನ ಹುಟ್ಟುಹಬ್ಬದ ಫ್ಲೆಕ್ಸಿಗೂ ಒಂದು ಟ್ಯೂಷನ್ ಸೆಂಟರಿನ ಫ್ಲೆಕ್ಸಿಗೂ ನಡುವೆ ಆಂಟಿ ನಿಂತಿದ್ದರು. ಆಳೆತ್ತರದ ಮುಖ. ಹಿಂದೆ ಮೋಡ, ಎರಡು ಬಿಳಿ ಪಾರಿವಾಳ, ಮೂಲೆಯಲ್ಲಿ ಉರಿಯುವ ದೀಪ. 'ಕಣ್ಣೀರಿನ ಶ್ರದ್ಧಾಂಜಲಿ', 'ಮತ್ತೆ ಹುಟ್ಟಿ ಬನ್ನಿ'. ನಡುವೆ, ಕೆಂಪು ಅಕ್ಷರದಲ್ಲಿ, ಅವರ ಹೆಸರು. ಕೆಳಗೆ ಸಂಘದ ಹೆಂಗಸರೆಲ್ಲರ ಪುಟ್ಟ ಪುಟ್ಟ ಮುಖಗಳು — ಅವರೊಂದಿಗೆ ನನ್ನದೂ ಒಂದು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹುಡುಗರು, ಯಾರು ಗುರು ಇವರು, ಫಾರಿನ್ನಾ ಎಂದು ಮಾತಾಡಿಕೊಳ್ಳುತ್ತಿದ್ದರು. ಒಬ್ಬ ಹೆಸರನ್ನು ಜೋರಾಗಿ ಓದಿದ, ತಪ್ಪಾಗಿ, ಮತ್ತೆ ಸರಿಯಾಗಿ. ನಾನು ಅದರ ಕೆಳಗೆ ನಿಂತಿದ್ದೆ. ಅವರ ತಾಯಿಯ ಫೋಟೋದ ಕೆಳಗೂ ಯಾರೋ ಹೀಗೆಯೇ ನಿಂತಿರಬೇಕು — ಒಳ್ಳೆಯ ಜನ, ಟೀ ಕೊಡುವ ಜನ.

ಆ ಕೋಣೆ ಓದುಮನೆಯಾಯಿತು. ಬಾಗಿಲ ಮೇಲೆ ಅವರ ಹೆಸರು. ಒಳಗೆ ಫೋಟೋ, ಹಾರ. ಭಾನುವಾರ ಪಾಠ ಶುರುವಾಗುವ ಮೊದಲು ಮಕ್ಕಳು ಆ ಹೆಸರು ಹೇಳಿ ಕೈಮುಗಿಯುತ್ತಿದ್ದರು. ನಾನೂ ಕೈಮುಗಿಯುತ್ತಿದ್ದೆ. ಪಿತೃಪಕ್ಷದ ಅಮಾವಾಸ್ಯೆಗೆ ಹೆಂಗಸರು ತಮ್ಮ ಸತ್ತವರಿಗೆ ಇಡುವ ಎಡೆಯ ಜೊತೆಯಲ್ಲಿ ಆಂಟಿಗೂ ಒಂದು ಎಲೆ ಹಾಕತೊಡಗಿದರು. ಬಾಡು, ವಡೆ, ಬೇಯಿಸಿದ ಗೆಣಸು. ಎಡೆಯಿಟ್ಟು, ಧೂಪ ಹಾಕಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಅವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತಾರೆ. ಆಂಟಿಯ ಹೆಸರನ್ನು ಮುದುಕಿಯೇ ಕೂಗುತ್ತಿತ್ತು. ಒಂದು ಸಲ ನನ್ನನ್ನೂ ಕರೆದಿದ್ದರು. ಮುಚ್ಚಿದ ಬಾಗಿಲ ಹೊರಗೆ, ಅವರ ಜೊತೆ ನಾನೂ ಕೂತಿದ್ದೆ. ಅವರಿಗೆ ಆಂಟಿ ತಮ್ಮ ಮನೆಯ ಸತ್ತವರಲ್ಲಿ ಒಬ್ಬರಾಗಿದ್ದರು. ಅಷ್ಟು ಪ್ರೀತಿಯನ್ನು ಒಂದು ವಾಕ್ಯದಿಂದ ಹೇಗೆ ಕೆಡಿಸುವುದು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಪ್ರೀತಿಯ ಹಿಂದೆ ನನ್ನನ್ನು ಬಚ್ಚಿಟ್ಟುಕೊಂಡೆ ಎಂಬುದು ಅದರ ಸರಿಯಾದ ಅನುವಾದ.

ಹೀಗೇ ಇರುತ್ತಿದ್ದೆನೋ ಏನೋ. ಈಚೆಗೆ ಆ ಸೋದರ ಸೊಸೆಯ ಮೆಸೇಜು ಬಂತು. ಬೆಂಗಳೂರಿಗೆ ಬರುತ್ತಿದ್ದಾಳೆ. ಆಂಟಿ ಕೊನೆಯ ದಿನಗಳಲ್ಲಿ ಸುಂಕದಕಟ್ಟೆಯ ಹೆಂಗಸರ ಮಾತನ್ನು ಮನೆಯವರಿಗೆಲ್ಲ ಹೇಳುತ್ತಿದ್ದರಂತೆ — ದೂರದ ಒಂದು ಊರಿನಲ್ಲಿ ಒಂದಿಷ್ಟು ಜನ ವಾದ ಮಾಡದೆ ನನಗೆ ಮಾತು ಕೊಟ್ಟಿದ್ದಾರೆ ಎಂದು. ಆ ಹೆಂಗಸರನ್ನು ಕಂಡು, ನೀವು ಮಾತು ಉಳಿಸಿಕೊಂಡಿರಿ ಎಂದು ಹೇಳಿ ಹೋಗಬೇಕು ಎಂಬುದು ಅವಳ ಆಸೆ. ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದ್ದಳು.

ಮೊದಲು ತೋಚಿದ್ದನ್ನೂ ಬರೆದುಬಿಡುತ್ತೇನೆ. ಏನಾದರೂ ನೆಪ ಹೇಳಿ, ಅವಳು ಬರುವ ಮೊದಲೇ ಬಾಗಿಲ ಮೇಲಿನ ಹೆಸರಿಗೆ ಬಣ್ಣ ಹೊಡೆಸಿಬಿಡುವುದು. ಗೋಡೆ ಸೋರುತ್ತಿದೆ ಎನ್ನಬಹುದು. ಈ ಉಪಾಯವನ್ನು ನಾನು ಒಂದು ಇಡೀ ದಿನ ಸಾಕಿಕೊಂಡಿದ್ದೆ.

ಮಾರನೆಯ ದಿನ ಮಧ್ಯಾಹ್ನ ಸಿದ್ದಮ್ಮನ ಹತ್ತಿರ ಹೋದೆ. ಓದುಮನೆಯ ಹೊಸಿಲ ಮೇಲೆ ಕೂತು ಅವರೇಕಾಯಿ ಬಿಡಿಸುತ್ತಿದ್ದಳು. ಹೇಳಿದೆ. ಸುತ್ತು ಬಳಸಿ, ಅವರ ದೇಶದ ಕ್ರಮ, ನಮ್ಮ ಕ್ರಮ, ಭಾಷೆಗಳ ಕಷ್ಟ ಎಂದು ಪಾಠದ ಹಾಗೆ ಹೇಳಿದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

'ಇನ್ನೊಂದ್ಸಲಿ ಹೇಳಿ ಮೇಡಂ. ಅವ್ರು ಹೇಳಿದ್ದಷ್ಟನ್ನೇ ಹೇಳಿ. ನಿಮ್ದು ಸೇರುಸ್ಬ್ಯಾಡಿ.'

ಹೇಳಿದೆ. ನಾನು ಸತ್ತ ಮೇಲೆ ನನ್ನ ಹೆಸರು ಹೇಳಬೇಡಿ, ನನ್ನ ಮುಖ ಯಾರಿಗೂ ತೋರಿಸಬೇಡಿ. ಇಷ್ಟು ವರ್ಷಗಳ ಮೇಲೆ ಆ ಮಾತು ಮೊದಲ ಸಲ ಕನ್ನಡದಲ್ಲಿ ಬಂತು. ಬಹಳ ಸುಲಭವಾಗಿತ್ತು, ಅದರಲ್ಲಿ ಕಷ್ಟದ ಪದ ಒಂದೂ ಇರಲಿಲ್ಲ.

ಆಮೇಲೆ, ತಡೆಯಲಾರದೆ, ಬಸುರಿಯ ಮಾತೆತ್ತಿದೆ. ಬಾಗಿಲ ಹತ್ತಿರ ಲಕ್ಷ್ಮಿ ಕೂತಿದ್ದಳಲ್ಲ ಸಿದ್ದಮ್ಮ, ತುಂಬಿದ ಬಸುರಿ, ಅವಳೆದುರು ಸಾವಿನ ಮಾತು ಬೇಡವೆಂದು ನನ್ನ ಬಾಯಿ—

'ಯಾವ ಲಕ್ಷ್ಮಿ? ನಮ್ ಲಕ್ಷ್ಮಿನಾ? ಅವಳಿಗೆ ಆಗಿನ್ನೂ ಮದ್ವೆನೇ ಆಗಿರ್ಲಿಲ್ಲ ಕಣಮ್ಮ.'

ಅವತ್ತು ಅಲ್ಲಿ ಯಾವ ಬಸುರಿಯೂ ಇರಲಿಲ್ಲ ಎಂದಳು. ಯಾರು ಯಾರು ಎಲ್ಲೆಲ್ಲಿ ಕೂತಿದ್ದರು ಎಂದು ಹೇಳಿದಳು. ಲಕ್ಷ್ಮಿ ಆ ಹೊತ್ತಿಗೆ ಗಾರ್ಮೆಂಟ್ಸಿನಲ್ಲಿದ್ದಳಂತೆ. ನನಗೆ ಆ ಹುಡುಗಿಯ ಹಸಿರು ಬಳೆ ಕೂಡ ಈಗಲೂ ಕಾಣುತ್ತದೆ. ಹೊಟ್ಟೆಯ ಮೇಲೆ ಇಟ್ಟುಕೊಂಡ ಕೈ ಕಾಣುತ್ತದೆ. ಆ ಬಸುರಿಯನ್ನು ನಾನು ಹೆತ್ತಿದ್ದೆ — ಎಷ್ಟೋ ವರ್ಷ ಹೊತ್ತು, ಬಳೆ ತೊಡಿಸಿ, ಬಾಗಿಲ ಹತ್ತಿರ ಕೂರಿಸಿ. 'ಬಿಡ್ತು ಅನ್ನಿ' ಎಂದದ್ದಾದರೂ ನಿಜವೇ, ಅದೂ ಆ ಹುಡುಗಿಯ ಜೊತೆ ಬಂದದ್ದೇ, ಗೊತ್ತಿಲ್ಲ. ಅವಳನ್ನು ತೆಗೆದರೆ ಆ ಕೋಣೆಯಲ್ಲಿ ಉಳಿಯುವುದು ನಾನು ಮತ್ತು ನನ್ನ ಸುಂದರವಾದ ಕೊನೆ.

ಸಿದ್ದಮ್ಮ ಬೈಯಲಿಲ್ಲ. ಬೈಯಲಿ ಎಂದು ನಾನು ಕಾದೆ. ಕಾಯಿ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಒಳಗೆ ನೋಡುತ್ತ ಕೂತಳು. ಅವಳ ತಾತನಿಗೂ ಯಾರೋ ಹೀಗೆ ಓದಿ ಹೇಳಿದ್ದರಂತೆ. ಬೆಟ್ಟದ ಕೆಳಗೆ ಮರದ ನೆರಳಿನಲ್ಲಿ ಕೂರಿಸಿ, ಕಾಗದ ಓದಿ, ನಿಮಗೇ ಒಳ್ಳೆಯದು ಎಂದರಂತೆ. ಅದು ಕಾಡು ಬಿಟ್ಟುಕೊಡುವ ಕಾಗದ ಎಂದು ಹೆಬ್ಬೆಟ್ಟು ಒತ್ತಿದ ಮೇಲೆ ಗೊತ್ತಾಯಿತು, ಬೇಲಿ ಬಂದಾಗ. ಬಿಳಿಯರು ಬರೆದಿಟ್ಟ ಕಾನೂನು, ನಮ್ಮವರು ಓದಿ ಹೇಳಿದ್ದು. ಓದಿದವನು ಸರಿಯಾಗಿ ಓದಿದ್ದನೋ, ಅವನೂ ತನ್ನದು ಸೇರಿಸಿದ್ದನೋ ಎಂದು ತಾತ ಸಾಯುವ ತನಕ ಕೇಳುತ್ತಿದ್ದರಂತೆ. ಇದನ್ನು ಅವಳು ನನ್ನನ್ನು ಚುಚ್ಚಲು ಹೇಳಲಿಲ್ಲ. ಹೇಳಿಕೊಂಡಳು, ಅಷ್ಟೆ.

ಆಮೇಲೆ ಅವಳ ಮುಖ ಬದಲಾಯಿತು. ನಾನು ಅದುವರೆಗೆ ಯೋಚಿಸಿಯೇ ಇರದ ಒಂದು ಜಾಗಕ್ಕೆ ಅವಳು ಹೋಗಿ ನಿಂತಿದ್ದಳು.

'ವರ್ಷ ವರ್ಷ ಹೆಸ್ರು ಹಿಡ್ದು ಕೂಗಿ ಕರುದ್ವಲ್ಲ ಮೇಡಂ,' ಎಂದಳು ಮೆಲ್ಲಗೆ. 'ಹೋಯ್ತಾ ಇದ್ದೋರ್ನ. ಅಷ್ಟು ದೂರದಿಂದ ಬಂದ್ಬುಟ್ಟಿದ್ರೆ?'

ಹಾಗೆಲ್ಲ ಏನೂ ಆಗುವುದಿಲ್ಲ ಎಂದು ಹೇಳುವ ಹಕ್ಕು ನನಗೆ ಎಲ್ಲಿತ್ತು?

ಅವಳು ಎದ್ದು, ಹಾರ ತೆಗೆದು, ಫೋಟೋ ಇಳಿಸಿದಳು. ಕಡೆ ಸಲ ನೋಡುತ್ತಾಳೆಂದುಕೊಂಡೆ, ನೋಡಲಿಲ್ಲ. ಒಂದು ಒಗೆದ ಸೀರೆಯಲ್ಲಿ ಸುತ್ತಿದಳು. ನಾನು ಕೈ ಚಾಚಿದೆ — ನನ್ನ ಮನೆಯಲ್ಲಿಡುತ್ತೇನೆ, ಆ ಹುಡುಗಿ ಬಂದಾಗ ಕೊಡುತ್ತೇನೆ ಎಂದು.

'ನಿಮ್ ಕೈಗೆ ಕೊಡಲ್ಲ,' ಎಂದಳು.

ಬಾಗಿಲ ಮೇಲಿನ ಹೆಸರನ್ನು ಏನು ಮಾಡುವುದೆಂದು ಹೆಂಗಸರೆಲ್ಲ ಕೂತು ಮಾತಾಡುತ್ತಾರಂತೆ. ಅತ್ತೆಗೆ ಹೇಗೆ ಹೇಳುವುದೆಂಬುದೇ ಅವಳ ದೊಡ್ಡ ಚಿಂತೆ. ಮಕ್ಕಳಿಗೆ ಏನು ಹೇಳಬೇಕೆಂದೂ ಅವರೇ ನೋಡಿಕೊಳ್ಳುತ್ತಾರೆ. ಸೋದರ ಸೊಸೆ ಬಂದ ದಿನ ನಾನೂ ಬರಬೇಕು, ಎಲ್ಲರೆದುರು ಕೂರಬೇಕು. ಆದರೆ ಮಾತು ತಿರುಗಿಸಿ ಹೇಳುವುದಕ್ಕೆ ನಾನು ಬೇಡ. ತಮ್ಮ ಹುಡುಗಿಯರಿಗೇ ಈಗ ಇಂಗ್ಲಿಷ್ ಬರುತ್ತದೆ ಎಂದಳು. ಸರಿ ಎಂದೆ. ಆಮೇಲಿನ ಭಾನುವಾರ ಪಾಠಕ್ಕೆ ಬರಬೇಕೇ ಬೇಡವೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸೋದರ ಸೊಸೆ ಬರುವುದು ಬರುವ ವಾರ. ವಿಮಾನ ನಿಲ್ದಾಣದಿಂದ ಕರೆತರುವವಳು ನಾನೇ. ಸುಂಕದಕಟ್ಟೆ ಮುಟ್ಟುವ ಮೊದಲೇ ಅವಳಿಗೆ ಹೇಳಬೇಕು: ಆ ಹೆಂಗಸರು ನಿಮ್ಮ ಆಂಟಿಗೆ ಮಾತು ಕೊಟ್ಟಿರಲಿಲ್ಲ, ಮುರಿಯಲೂ ಇಲ್ಲ, ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಕೇಳದಂತೆ ಮಾಡಿದವಳು ನಾನು. ಇದನ್ನು ಇಂಗ್ಲಿಷಿನಲ್ಲಿ ಹೇಳುವ ವಾಕ್ಯವನ್ನು ಸಿದ್ಧಮಾಡಿಕೊಳ್ಳುತ್ತಿಲ್ಲ. ಸಿದ್ಧಮಾಡಿದರೆ ಅದಕ್ಕೂ ಒಂದು ಒಳ್ಳೆಯ ಕೊನೆ ಹುಡುಕುತ್ತೇನೆ.

ಅವರ ಮನೆಯವರು ಆ ಹೆಸರನ್ನು ಇನ್ನೂ ಕೆಳಗಿಟ್ಟೇ ಇದ್ದಾರೋ, ಸಾಕು ಎಂದು ಮತ್ತೆ ಎತ್ತಿಕೊಂಡಿದ್ದಾರೋ, ಗೊತ್ತಿಲ್ಲ. ಎತ್ತಿಕೊಂಡಿದ್ದರೆ ನನ್ನ ತಪ್ಪು ಕಡಿಮೆಯಾಗುತ್ತದೆಯೇ ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿದೆ, ಹಾಕಲಿ. ಸಿದ್ದಮ್ಮ ಕೇಳಿದ್ದೂ ಹಾಗೇ ಉಳಿದಿದೆ. ಮುಚ್ಚಿದ ಬಾಗಿಲ ಹೊರಗೆ ನಾವೆಲ್ಲ ಸುಮ್ಮನೆ ಕೂತಿದ್ದಾಗ ಒಳಗೆ ಎಲೆಯ ಮುಂದೆ ಅವರು ಬಂದು ಕೂತಿದ್ದರೇ — ನನಗೆ ಗೊತ್ತಿಲ್ಲ.